ಅಳು ಕಲಿಸಿದವಳಿಗೆ

ನನಗೆ ಅಳಲು ಬರುವುದಿಲ್ಲ ಎಂಬ ಸುದ್ದಿ, ಮದುವೆಗೆ ಇನ್ನೂ ಎರಡು ತಿಂಗಳಿರುವಾಗಲೇ ಇಡೀ ತಾಂಡಾಕ್ಕೆ ಹಬ್ಬಿಬಿಟ್ಟಿತು. ಹಬ್ಬಿಸಿದವಳು ನನ್ನ ಕಾಕಿ, ಅಂದರೆ ಅಪ್ಪನ ತಮ್ಮನ ಹೆಂಡತಿ. ಒಂದು ದಿನ ಕೊಟ್ಟೂರಿನ ನಮ್ಮ ಮನೆಗೆ ಬಂದವಳು ಚಹಾ ಕುಡಿಯುತ್ತ, ಎಲ್ಲಿ, ಎರಡು ಸಾಲು ಅತ್ತು ತೋರಿಸು ಎಂದು ನಮ್ಮ ಮಾತಿನಲ್ಲಿ ಕೇಳಿದಳು. ನಾನು ಹಲ್ಲು ಕಿರಿದೆ. ಅವಳು ಬಸಿಯನ್ನು ಕೆಳಗಿಟ್ಟು ಅವ್ವನ ಮುಖ ನೋಡಿದಳು, ಅವ್ವ ಗೋಡೆ ನೋಡಿದಳು. ಸಂಜೆಯ ಬಸ್ಸಿಗೆ ಕಾಕಿ ವಾಪಸ್ಸು ಹೋದಳು. ಮರುದಿನದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ಕಣ್ಣೀರಿಗೆ ನನ್ನಲ್ಲಿ ಬರವಿರಲಿಲ್ಲ. ಗಣಿತದಲ್ಲಿ ಅಂಕ ಕಡಿಮೆ ಬಂದರೆ ಅಳುತ್ತಿದ್ದೆ, ತಮ್ಮ ಪೆನ್ನು ಕದ್ದರೆ ಅಳುತ್ತಿದ್ದೆ, ಸಿನಿಮಾದಲ್ಲಿ ಎಮ್ಮೆ ಸತ್ತರೂ ಅಳುತ್ತಿದ್ದೆ. ನನಗೆ ಬಾರದಿದ್ದದ್ದು ಢಾವಲೋ. ನಾವು ಲಂಬಾಣಿಗರು. ನಮ್ಮಲ್ಲಿ ಮದುವೆಯಾಗಿ ತಾಂಡಾ ಬಿಟ್ಟು ಹೊರಡುವ ಹುಡುಗಿ ಸುಮ್ಮನೆ ಮೂಗು ಸುರಿಸುತ್ತ ಹೋಗುವ ಹಾಗಿಲ್ಲ. ಒಬ್ಬೊಬ್ಬರ ಕೊರಳಿಗೂ ಬಿದ್ದು, ಅವರವರಿಗೆ ತಕ್ಕ ಸಾಲು ಕಟ್ಟಿ, ರಾಗ ಎಳೆದು ಅಳಬೇಕು. ಅಪ್ಪನಿಗೆ ಒಂದು, ಅವ್ವನಿಗೆ ಒಂದು, ತಮ್ಮನಿಗೆ ಒಂದು, ತಾಂಡಾದ ನಾಯಕನಿಗೆ ಒಂದು, ನೀರು ಕೊಟ್ಟ ಬಾವಿಗೂ ಒಂದು. ಅದೇ ಢಾವಲೋ. ಸುತ್ತ ನಿಂತ ಹೆಂಗಸರು ಪರೀಕ್ಷೆಯ ಮೇಲ್ವಿಚಾರಕರ ಹಾಗೆ ಕಿವಿಗೊಟ್ಟು ಕೇಳುತ್ತಾರೆ. ಚೆನ್ನಾಗಿ ಅತ್ತವಳ ಹೆಸರು ಎಷ್ಟೋ ವರ್ಷ ಉಳಿಯುತ್ತದೆ, ಅಳದೆ ಹೋದವಳ ಹೆಸರು ಅದಕ್ಕಿಂತ ಹೆಚ್ಚು ವರ್ಷ ಉಳಿಯುತ್ತದೆ.

ಇಷ್ಟಕ್ಕೂ ಹುಡುಗಿಯರಿಗೆ ಈ ಅಳು ಕಲಿಸುತ್ತಿದ್ದವಳು ನನ್ನ ಸ್ವಂತ ದಾದಿ. ಅಪ್ಪನ ತಾಯಿಯನ್ನು ನಾವು ದಾದಿ ಎನ್ನುತ್ತೇವೆ. ನಮ್ಮ ತಾಂಡಾ ಇದ್ದದ್ದು ಕೂಡ್ಲಿಗಿಯ ಆಚೆ, ಬಂಡೆಗುಡ್ಡಗಳ ಸಂದಿಯಲ್ಲಿ. ಬಸ್ಸು ಇಳಿದು ಕವಳಿಗಿಡಗಳ ನಡುವಿನ ಕಾಲುದಾರಿಯಲ್ಲಿ ಒಂದು ಗಂಟೆ ಹತ್ತಿದರೆ ಸಿಗುವ ನಲವತ್ತು ಮನೆ. ಆ ನಲವತ್ತು ಮನೆಗಳ ಮದುವೆ ಹುಡುಗಿಯರೆಲ್ಲ ಒಂದೆರಡು ತಿಂಗಳು ಮೊದಲು ದಾದಿಯ ಅಂಗಳಕ್ಕೆ ಬಂದು ಕೂರುತ್ತಿದ್ದರು. ತಾಯಿ ತನ್ನ ಮಗಳಿಗೆ ತಾನೇ ಕಲಿಸುವುದಿಲ್ಲ. ಕಲಿಸಹೋದರೆ ಇಬ್ಬರೂ ನಿಜವಾಗಿ ಅತ್ತು ಪಾಠ ಕೆಡುತ್ತದೆ. ಹಾಗಾಗಿ ದಾದಿ. ಅಂಥವಳ ಮೊಮ್ಮಗಳಿಗೆ ಅಳು ಬಾರದು ಎಂದರೆ ಜನ ಮಾತಾಡದೆ ಇರುತ್ತಾರೆಯೇ?

ಆರು ವರ್ಷ ತುಂಬುವವರೆಗೆ ನಾನು ಆಡಿದ್ದು ಬರೀ ನಮ್ಮ ಮಾತು, ಗೋರ್ ಬೋಲಿ. ಅಪ್ಪ ಅವ್ವ ಕಬ್ಬು ಕಡಿಯಲು ಹೊಳೆಯ ಸೀಮೆಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ನಾನು ದಾದಿಯ ಸೊಂಟದ ಮೇಲೆ. ಅವಳ ರವಿಕೆಗೆ ಹೊಲಿದ ಕನ್ನಡಿ ಬಿಲ್ಲೆಗಳು ಕೆನ್ನೆಗೆ ಚುಚ್ಚುತ್ತಿದ್ದವು. ಆ ಗುರುತು ಮೂಡಿದ ಕೆನ್ನೆಯಲ್ಲೇ ನಾನು ದಿನವಿಡೀ ತಿರುಗುತ್ತಿದ್ದೆನಂತೆ. ಹಸಿವಾದರೆ ಅವಳು, ಬಾಯಾರಿದರೆ ಅವಳು, ಕತ್ತಲಾದರೆ ಅವಳು. ಅಷ್ಟು ಮಾತು ಸಾಕಿತ್ತು ನಮ್ಮಿಬ್ಬರಿಗೆ.

ಆಮೇಲೆ ಅಪ್ಪನಿಗೆ ಕೊಟ್ಟೂರಿನ ಒಂದು ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿತು. ನಮ್ಮ ತಾಂಡಾದಿಂದ ಸಂಬಳದ ಕೆಲಸಕ್ಕೆ ಹೋದವರಲ್ಲಿ ಅವನೇ ಮೊದಲಿಗ. ಊರಿನಲ್ಲಿ ಒಂದು ಕೋಣೆಯ ಮನೆ ಹಿಡಿದೆವು. ಮೊದಲ ಸಂಜೆಯೇ ಅಪ್ಪ ನನ್ನನ್ನೂ ತೊಟ್ಟಿಲ ಕೂಸಾಗಿದ್ದ ತಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಆಜ್ಞೆ ಹೊರಡಿಸಿದ: ‘ಇನ್ನ ಮನ್ಯಾಗ ಕನ್ನಡನ ಮಾತಾಡ್ರಿ. ಹುಡುಗ್ರು ಸಾಲ್ಯಾಗ ನಗಿಗೇಡಾಗೂದು ಬ್ಯಾಡ.’ ತಮ್ಮ ತೂಕಡಿಸುತ್ತಿದ್ದ. ಅವ್ವ ತನ್ನ ಕನ್ನಡಿ ರವಿಕೆಯನ್ನೂ ಲಂಗವನ್ನೂ ಮಡಿಸಿ ಟ್ರಂಕಿಗೆ ಹಾಕಿ, ಓಣಿಯ ಹೆಂಗಸರಂತೆ ಸೀರೆ ಉಟ್ಟಳು. ಬೈಯುವಾಗ ಮಾತ್ರ ನಮ್ಮ ಮಾತು ಹೊರಬೀಳುತ್ತಿತ್ತು. ಹಾಗಾಗಿ ತಮ್ಮನಿಗೆ ನಮ್ಮ ಭಾಷೆ ಎಂದರೆ ಇಂದಿಗೂ ಒಂದು ಇಪ್ಪತ್ತು ಬೈಗುಳ.

ನನಗೆ ಕನ್ನಡ ಹಿಡಿಸಿತು. ಹಿಡಿಸಿತೆಂದರೆ ಸಾಲದು, ಹುಚ್ಚು ಹಿಡಿಯಿತು. ಓಣಿಯ ಹುಡುಗಿಯರು ‘ಐತಿ’ ಎನ್ನುವಲ್ಲಿ ನಾನು ಗತ್ತಿನಿಂದ ‘ಇದೆ’ ಎನ್ನುತ್ತಿದ್ದೆ. ಹೈಸ್ಕೂಲಿನಲ್ಲಿ ಕನ್ನಡಕ್ಕೆ ನನ್ನದೇ ಹೆಚ್ಚು ಅಂಕ. ಮುಂದೆ ಕನ್ನಡ ಕಲಿಸುವ ಟೀಚರೇ ಆದೆ, ನನ್ನ ಅನ್ನ ಅದರಿಂದಲೇ ಬಂತು. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಒಂದು ಕೋಣೆಯ ಮನೆಗೆ ದೊಡ್ಡ ಮಂಚ ತಂದರೆ ಹಳೆಯದೇನಾದರೂ ಹೊರಗೆ ಹೋಗಲೇಬೇಕಲ್ಲ. ಹತ್ತು ವರ್ಷ ತುಂಬುವ ಹೊತ್ತಿಗೆ ನಮ್ಮ ಮಾತು ಕಿವಿಗೆ ಬಿದ್ದರೆ ಅಷ್ಟಿಷ್ಟು ತಿಳಿಯುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ.

ಸೀತಾಫಲದ ಕಾಲದಲ್ಲಿ ದಾದಿ ಕೊಟ್ಟೂರಿನ ಸಂತೆಗೆ ಬರುತ್ತಿದ್ದಳು. ಗುಡ್ಡದಲ್ಲಿ ಆರಿಸಿದ ಹಣ್ಣು, ಬುಟ್ಟಿಯ ತಳಕ್ಕೆ ಹಾಸಿದ ಎಲೆ, ಮೊಣಕೈ ಮೇಲಿನವರೆಗೆ ಬಿಳಿ ಬಳೆ, ಕಿವಿಯ ಪಕ್ಕ ತೂಗುವ ಬೆಳ್ಳಿ. ಅವಳಿಗೆ ಬರುತ್ತಿದ್ದ ಕನ್ನಡವೆಲ್ಲ ಸಂತೆಯ ಕನ್ನಡ. ‘ಬರ್ರಿ, ನೋಡ್ರಿ, ಗುಡ್ಡದ ಹಣ್ಣೈತ್ರಿ, ತಿಂದ್ ನೋಡ್ರಿ.’ ಕೊಂಡವರಿಗೂ ಕೊಳ್ಳದೆ ಹೋದವರಿಗೂ ಕಡೆಯಲ್ಲಿ ಒಂದೇ ಮಾತು: ‘ಮತ್ತ ಬರ್ರಿ. ಮರೀಬ್ಯಾಡ್ರಿ.’ ಸಣ್ಣ ಮಕ್ಕಳಿಗೂ ‘ರಿ’, ಬುಟ್ಟಿಗೆ ಮೂಗು ಹಾಕಿದ ನಾಯಿಗೂ ‘ಹೋಗ್ರಿ’. ಕನ್ನಡದಲ್ಲಿ ಸಲಿಗೆಯ ಮಾತೂ ಇದೆ ಎಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ? ಸಲಿಗೆಯವರು ಯಾರೂ ಅವಳೊಂದಿಗೆ ಕನ್ನಡ ಆಡುತ್ತಿರಲಿಲ್ಲ.

ನನಗೆ ಹನ್ನೆರಡು ವರ್ಷವಿದ್ದಾಗ ಒಂದು ಸಂತೆಯ ದಿನ ತರಗತಿಯ ಗೆಳತಿಯ ಜೊತೆ ರಿಬ್ಬನ್ನು ಕೊಳ್ಳಲು ಹೋಗಿದ್ದೆ. ದೂರದಿಂದಲೇ ದಾದಿ ನನ್ನನ್ನು ಕಂಡಳು. ಬಳೆಗಳೆಲ್ಲ ಸದ್ದು ಮಾಡುವಂತೆ ಕೈ ಎತ್ತಿ, ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿದಳು. ಹತ್ತಿರ ಹೋಗದೆ ವಿಧಿಯಿರಲಿಲ್ಲ. ಅವಳು ಬುಟ್ಟಿಯಲ್ಲಿ ಎಲ್ಲಕ್ಕಿಂತ ದಪ್ಪದ ಹಣ್ಣು ಹುಡುಕಿ, ಎರಡು ಹೋಳು ಮಾಡಿ, ನನ್ನ ಮುಂದೆ ಹಿಡಿದಳು. ಗೆಳತಿ ನನ್ನ ತೋಳು ತಿವಿದು ಕೇಳಿದಳು: ‘ಯಾರಲೇ ಆಕಿ? ನಿನಗ ಗುರ್ತ ಏನು?’

ನಾನು ದಾದಿಗೆ ಹೇಳಿದೆ: ‘ಬ್ಯಾಡ್ರಿ.’

ಅಷ್ಟೇ. ಗುರುತಿಲ್ಲ ಎನ್ನಲಿಲ್ಲ, ಓಡಿಹೋಗಲಿಲ್ಲ. ನನ್ನ ಪರವಾಗಿ ನಾನು ಬಹಳ ವರ್ಷ ಹೀಗೇ ವಾದಿಸಿಕೊಂಡಿದ್ದೇನೆ. ದಾದಿ ನನ್ನನ್ನು ನೋಡಿದಳು, ಗೆಳತಿಯನ್ನು ನೋಡಿದಳು, ನಮ್ಮಿಬ್ಬರ ಜಡೆಯ ಒಂದೇ ಬಣ್ಣದ ರಿಬ್ಬನ್ನು ನೋಡಿದಳು. ಎರಡು ಹೋಳನ್ನೂ ಮತ್ತೆ ಕೂಡಿಸಿ, ಹಣ್ಣನ್ನು ಬುಟ್ಟಿಯಲ್ಲಿಟ್ಟು, ಎಲ್ಲರಿಗೆ ಹೇಳುವ ದನಿಯಲ್ಲೇ ಹೇಳಿದಳು: ‘ಮತ್ತ ಬರ್ರಿ. ಮರೀಬ್ಯಾಡ್ರಿ.’

ನನ್ನ ಮಾನ ಉಳಿಸಿದಳು. ಸಂಜೆ ಎಂದಿನಂತೆ ನಮ್ಮ ಮನೆಗೆ ಬಂದು ಉಂಡಳು, ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಎರಡು ಹೋಳಿನ ಹಣ್ಣನ್ನು ಅವನಿಗೆ ತಿನ್ನಿಸಿದಳು. ಯಾರಿಗೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಂದಿನಿಂದ ಸಂತೆಯ ದಿನ ನನಗೆ ಮನೆಪಾಠ ಬಹಳವಿರುತ್ತಿತ್ತು.

ಎಂಬತ್ತರ ದಶಕದ ನಡುವೆ, ಟಿ.ಸಿ.ಎಚ್. ಮುಗಿಸಿದ ವರ್ಷ, ಮದುವೆ ಗೊತ್ತಾಯಿತು. ಹುಡುಗ ಹಗರಿಬೊಮ್ಮನಹಳ್ಳಿಯಲ್ಲಿ ಗುಮಾಸ್ತ. ಅವರ ಮೂಲ ಹಡಗಲಿ ಕಡೆಯ ತಾಂಡಾ, ಆದರೆ ಅವರೂ ಊರು ಸೇರಿ ನಮ್ಮಂತೆಯೇ ಕನ್ನಡವಾಗಿದ್ದರು. ಕೊಟ್ಟೂರಿನಲ್ಲಿ ಶಾಮಿಯಾನ, ಮೈಕು, ಬೂಂದಿ ಲಾಡು ಎಂದು ಎರಡು ಕಡೆಯವರೂ ಒಪ್ಪಿದರು. ದಾದಿ ಏನನ್ನುತ್ತಾಳೋ ಎಂದು ಅಪ್ಪನಿಗೆ ಅಳುಕು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಎಲ್ಲಿ ಬೇಕಾದರೂ ತಾಳಿ ಕಟ್ಟಿಸಿ, ಏನು ಬೇಕಾದರೂ ಉಡಿಸಿ, ಮೈಕಿನಲ್ಲಿ ಯಾರನ್ನು ಬೇಕಾದರೂ ಕಿರುಚಿಸಿ. ಆದರೆ ಹುಡುಗಿ ಹೊರಡುವುದು ತಾಂಡಾದಿಂದ, ಅತ್ತು ಹೊರಡುವುದು, ನಮ್ಮ ಮಾತಿನಲ್ಲಿ ಅತ್ತು. ಇಷ್ಟು ಹೇಳಿ ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡಳು. ಗಂಡಿನ ಕಡೆಯಿಂದ ಒಂದು ವಿಚಾರಣೆ ಮಾತ್ರ ಬಂತು: ಅಳುವ ಕಾರ್ಯಕ್ರಮ ಎಷ್ಟು ಹೊತ್ತಿನದು, ಟೆಂಪೋದವನಿಗೆ ಹೇಳಬೇಕು.

ಕಾಕಿಯ ಸುದ್ದಿ ಹಬ್ಬಿದ್ದು ಆಗಲೇ. ಮರುವಾರದಿಂದ ಪ್ರತಿ ಭಾನುವಾರ ಅವ್ವನೂ ನಾನೂ ಬಸ್ಸು ಹತ್ತಿ, ಕಾಲುದಾರಿ ಹತ್ತಿ, ದಾದಿಯ ಅಂಗಳಕ್ಕೆ ಹೋಗತೊಡಗಿದೆವು. ಅವ್ವ ಬರಲೇಬೇಕಾಗಿತ್ತು. ದಾದಿ ಹೇಳಿದ್ದು ನನಗೆ ಅರ್ಧ ತಿಳಿಯುತ್ತಿತ್ತು, ನಾನು ಹೇಳಿದ್ದು ದಾದಿಗೆ ಅಷ್ಟೂ ತಿಳಿಯುತ್ತಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವಳ ಜೊತೆ ಮಾತಾಡಲು ನನಗೊಬ್ಬ ದುಭಾಷಿ ಬೇಕಿತ್ತು.

ಮೊದಲ ಭಾನುವಾರ ನಾನು ಬಹಳ ಜಾಣತನದಿಂದ ಉದ್ದ ರೂಲಿನ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು ತೆಗೆದುಕೊಂಡು ಹೋಗಿದ್ದೆ. ಹಾಳೆಗಳ ತಲೆಗೆ ‘ಅಪ್ಪನಿಗೆ’, ‘ಅವ್ವನಿಗೆ’, ‘ತಮ್ಮನಿಗೆ’, ‘ನಾಯಕನಿಗೆ’, ‘ಬಾವಿಗೆ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ. ದಾದಿ ಹುಣಸೆಮರದ ಕೆಳಗೆ ಗೋಣಿಯ ಮೇಲೆ ಕೂತಿದ್ದಳು. ಹೇಳಲಿ, ಬರೆದುಕೊಳ್ಳುತ್ತೇನೆ ಎಂದೆ. ಅವಳು ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು. ನಲವತ್ತು ವರ್ಷ ಇದನ್ನೇ ಕಲಿಸಿದವಳಿಗೆ ಒಂದು ಸಾಲೂ ಬರಲಿಲ್ಲ. ಕೈ ಖಾಲಿ ಇದ್ದರೆ ಅವಳಿಗೆ ಪದ ಬರುತ್ತಿರಲಿಲ್ಲ. ತಬ್ಬಿಕೊಳ್ಳಲು ಒಂದು ಕೊರಳು ಬೇಕಿತ್ತು.

ಕಡೆಗೆ ಕಾಕಿಯನ್ನು ಕರೆದು ಕೂರಿಸಿದೆವು. ದಾದಿ ಅವಳ ಕೊರಳಿಗೆ ಎರಡೂ ತೋಳು ಹಾಕಿ, ಹಣೆಯನ್ನು ಭುಜಕ್ಕಿಟ್ಟು, ಮೆಲ್ಲಗೆ ತೂಗುತ್ತ ಎಳೆದಳು ನೋಡಿ! ನನ್ನ ಪೆನ್ನು ನಿಂತುಹೋಯಿತು. ಅಪ್ಪಾ, ನಿನ್ನ ಮಂಚದ ಒಂದು ಕಾಲು ನಾನಾಗಿದ್ದೆ, ನಾಳೆಯಿಂದ ಅಲ್ಲೊಂದು ಕಲ್ಲು ಇಟ್ಟುಕೋ. ತಮ್ಮಾ, ಬೇಲಿಯ ಮುಳ್ಳು ಎಳೆಯುವಾಗ ನನ್ನ ಪಾದದಷ್ಟು ಜಾಗ ಬಿಡು. ಬಾವಿಯೇ, ಬೇರೆಯವಳ ಕೊಡಕ್ಕೆ ನನ್ನ ಕೊಡದ ಸದ್ದು ಕೊಡಬೇಡ. ಕನ್ನಡದಲ್ಲಿ ಬರೆದರೆ ಇಷ್ಟೇ ಆಗುತ್ತದೆ. ಕಾಕಿ ಜೋರಾಗಿ ಅಳುತ್ತಿದ್ದಳು, ಅವ್ವ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ದಾದಿ ಬಾವಿಯ ಸಾಲು ಮುಗಿಸಿ, ಕೈ ತೆಗೆದು, ಮೂಗು ಒರೆಸಿಕೊಂಡು, ಮೇಕೆಗಳನ್ನು ಕಟ್ಟಿದ್ದೀರೋ ಇಲ್ಲವೋ ಎಂದು ಕೇಳಿದಳು. ಅವಳಿಗೆ ಅದು ಕೆಲಸ. ಬೇಕೆಂದಾಗ ಅಳು ಬರುತ್ತಿತ್ತು, ಬೇಡವೆಂದಾಗ ನಿಲ್ಲುತ್ತಿತ್ತು.

ನನ್ನ ನೋಟ್‌ಬುಕ್ಕು ಏನೆಂದು ಕೇಳಿದಳು. ‘ನಿನ್ನ ಮೊಮ್ಮಗಳ ಅಳು’ ಎಂದು ಅವ್ವ ಹೇಳಿದಳು. ದಾದಿ ಅದನ್ನು ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿ, ಕಿವಿಯ ಹತ್ತಿರ ಹಿಡಿದು, ಇದು ಅಳುತ್ತಲೇ ಇಲ್ಲವಲ್ಲ ಎಂದು ನಕ್ಕಳು. ನನಗೆ ಸಿಟ್ಟು ಬಂತು. ಬಾಯಿಪಾಠದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕೇಳಿದ್ದನ್ನೆಲ್ಲ ಬರೆದುಕೊಂಡು, ಮುಂದಿನ ಭಾನುವಾರ ಐದೂ ಹಾಳೆ ಒಪ್ಪಿಸಿಬಿಟ್ಟೆ. ಅವಳು ನನ್ನ ಬೆನ್ನಿಗೆ ಅಂಗೈಯಿಂದ ಒಂದು ಬಿಟ್ಟು ಏನೋ ಗದರಿದಳು.

‘ಏನಂತಾಳಬೇ?’ ಎಂದು ಅವ್ವನನ್ನು ಕೇಳಿದೆ.

‘ಅಳು ಕೊಳ್ಳಾಗಿಂದ ಬರಬೇಕಂತ. ನೀ ಮೂಗಿನ ತುದಿಗೆ ಇಟ್ಕೊಂಡಿ ಅಂತಾಳ. ಬಸ್ ತಪ್ಪತೈತೇನು ಅಂತಾಳ.’

ಎಂಟು ಭಾನುವಾರದಲ್ಲಿ ಒಂದಷ್ಟು ಹತೋಟಿಗೆ ಬಂತು. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಬಿಕ್ಕಬೇಕು, ತಬ್ಬಿಕೊಂಡವರ ಬೆನ್ನನ್ನು ಹೇಗೆ ತೂಗಬೇಕು, ಎಲ್ಲ. ತಬ್ಬಿಸಿಕೊಂಡವರ ಪಾಲಿನದನ್ನೂ ಅವಳು ಹೇಳಿದಳು. ಹುಡುಗಿ ಅತ್ತ ಮೇಲೆ ಹಿರಿಯರು ಮರುಸಾಲು ಹೇಳಿ ಸಮಾಧಾನ ಮಾಡಬೇಕು, ಮರುಸಾಲು ಬರುವವರೆಗೆ ಹುಡುಗಿ ಕೈ ಬಿಡಬಾರದು. ಆದರೆ ನೋಟ್‌ಬುಕ್ಕಿನ ಕಡೆಯ ಹಾಳೆ ಖಾಲಿಯೇ ಉಳಿದಿತ್ತು. ಅದರ ತಲೆಗೆ ‘ದಾದಿಗೆ’ ಎಂದು ಬರೆದಿದ್ದೆ. ಇಂದು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಕಾದು, ಏಳನೆಯ ಭಾನುವಾರ ಅವ್ವನ ಮೂಲಕ ಕೇಳಿಸಿದೆ. ದಾದಿ ಎದ್ದು ಮೇಕೆಗಳಿಗೆ ನೀರು ಇಡಲು ಹೋದಳು. ಆಗಷ್ಟೇ ಇಟ್ಟು ಬಂದಿದ್ದಳು.

ಇಳಿದು ಬರುವಾಗ ದಾರಿಯಲ್ಲಿ ಅವ್ವ ಹೇಳಿದಳು: ‘ತನ್ನ ಪಾಲಿಂದು ತಾನ ಹೆಂಗ ಕಲಸ್ತಾಳ? ಅದನ್ನ ನೀನ ಕಟ್ಟಬೇಕು.’ ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು: ‘ಆಕಿಗೆ ಮೂರೂ ಗಂಡುಮಕ್ಳು. ಅವರಿಗೂ ನಿನ್ನ ಬಿಟ್ಟರ ಎಲ್ಲಾ ಗಂಡುಹುಡುಗ್ರ. ನಾವು ಸೊಸೆರು ನಮ್ಮ ನಮ್ಮ ಅವ್ವಂದಿರ ಕೊಳ್ಳಿಗೆ ಬಿದ್ದು ಅತ್ ಬಂದೀವಿ. ಇಷ್ಟ್ ಮಂದಿ ಹುಡುಗೇರಿಗೆ ಕಲ್ಸ್ಯಾಳ, ಎಲ್ರೂ ಕಾಲಿಗೆ ಬಿದ್ದು ಹೋಗ್ಯಾರ. ಆಕಿ ಸಲುವಾಗಿ ಯಾರೂ ಅತ್ತಿಲ್ಲವ್ವ.’

ಅವ್ವ ಮುಂದೆ ಹೋದಳು. ನಾನು ಚಪ್ಪಲಿಯ ಬಾರು ಸರಿಮಾಡುವ ನೆಪದಲ್ಲಿ ಅಲ್ಲೇ ಕೂತೆ. ಬುಟ್ಟಿಗೆ ವಾಪಸ್ಸು ಹೋದ ಆ ಹಣ್ಣು ಎಷ್ಟೋ ವರ್ಷಗಳ ಮೇಲೆ ಕಣ್ಣಮುಂದೆ ಬಂತು. ಇಡೀ ತಾಂಡಾದ ಅಳುವನ್ನು ಕೊರಳಲ್ಲಿ ಹೊತ್ತವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಅಳು, ಅದನ್ನು ಕೊಡಬೇಕಾದವಳು ನಾನೊಬ್ಬಳೇ. ಆ ನಾನು ಅವಳಿಗೆ ‘ಬ್ಯಾಡ್ರಿ’ ಎಂದವಳು. ಏನೇ ಆಗಲಿ, ಇವಳಿಗಾಗಿ ಯಾರೂ ಅತ್ತಿರದ ಹಾಗೆ ಅಳುತ್ತೇನೆ ಎಂದು ನಿಶ್ಚಯಿಸಿದೆ.

ನಿಶ್ಚಯವೇನೋ ಆಯಿತು, ಸಾಲು ಕಟ್ಟಬೇಕಲ್ಲ. ನನಗೆ ಕಟ್ಟಲು ಬರುತ್ತಿದ್ದದ್ದು ಕನ್ನಡದಲ್ಲಿ. ರಾತ್ರಿಯೂಟವಾದ ಮೇಲೆ ಕೂತು ಭರ್ಜರಿಯಾಗಿ ಹನ್ನೆರಡು ಸಾಲು ಬರೆದೆ. ಮಮತೆಯ ಮಡಿಲು, ವಾತ್ಸಲ್ಯದ ತೊರೆ, ಇನ್ನೂ ಏನೇನೋ. ಓದಿದರೆ ನನಗೇ ರೋಮಾಂಚನ. ಬೆಳಿಗ್ಗೆ ಅವ್ವನನ್ನು ಒಲೆಯ ಮುಂದೆ ಹಿಡಿದು, ಇದನ್ನು ನಮ್ಮ ಮಾತಿಗೆ ತಿರುಗಿಸಿ ಕೊಡು ಎಂದೆ.

ಅವ್ವ ಕೇಳಿ ಕಣ್ಣು ಮಿಟುಕಿಸಿದಳು. ‘ಮಮತೆಯ ಮಡಿಲು ಅಂದ್ರ ಏನಲೇ?’

‘ಪ್ರೀತಿಯಿಂದ ಎತ್ಗೊಂಡ್ಳು ಅಂತ.’

‘ಹಂಗಾರ ಎತ್ಗೊಂಡ್ಳು ಅನ್ನು. ಈ ತೊರಿ?’

‘ಅದೂ ಪ್ರೀತಿನ ಅವ್ವಾ. ಹರೀತೈತಿ ಅಂತ.’

‘ನಮ್ಮಾಗ ಹಂಗ ಅನ್ನಂಗಿಲ್ಲವ್ವ. ಎತ್ಗೊಂಡ್ಳು ಅಂತೀವಿ. ಉಣ್ಣಾಕ ಕೊಟ್ಳು ಅಂತೀವಿ. ಅದಕ್ಕ ಹೆಚ್ಚಿಂದು ಏನೈತಿ?’

ನಾನು ಹಟ ಬಿಡಲಿಲ್ಲ. ಅವ್ವ ತಲೆ ಕೆರೆದುಕೊಂಡು ಹೇಗೋ ನಾಲ್ಕು ಸಾಲು ಮಾಡಿಕೊಟ್ಟಳು. ಅದರಲ್ಲಿ ಎರಡು ಪದ ಅವಳಿಗೇ ಅನುಮಾನ. ಕಡೆಯ ಹಾಳೆ ತುಂಬಿತು. ಬಟ್ಟೆ ಒಗೆಯುವಾಗ, ಹೂ ಕಟ್ಟುವಾಗ, ಅರಿಶಿಣ ಹಚ್ಚಿಸಿಕೊಳ್ಳುವಾಗ ಅದನ್ನೇ ಗೊಣಗುತ್ತಿದ್ದೆ.

ಮದುವೆ ಕೊಟ್ಟೂರಿನಲ್ಲಿ ಬೆಳಿಗ್ಗೆ ಮುಗಿಯಿತು. ಮಧ್ಯಾಹ್ನ ಟೆಂಪೋದಲ್ಲಿ ತಾಂಡಾಕ್ಕೆ ಹೊರಟೆವು. ಕಾಲುದಾರಿಯ ಪಕ್ಕ ಆ ಹೊತ್ತಿಗೆ ಒಂದು ಕಲ್ಲಿನ ರಸ್ತೆ ಆಗಿತ್ತು. ಟೆಂಪೋ ಎಗರಿದಾಗಲೆಲ್ಲ ನನ್ನ ನಾಲ್ಕು ಸಾಲು ಚೆಲ್ಲಿಹೋಗುತ್ತಿದ್ದವು, ಮತ್ತೆ ಆರಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಮದುಮಗ ಮೆಲ್ಲಗೆ, ‘ಹುಷಾರಿಲ್ಲೇನ್ರಿ?’ ಎಂದು ಕೇಳಿದ. ಪರೀಕ್ಷೆ ಇದೆ ಎಂದೆ.

ದಾದಿಯ ಮನೆಯಲ್ಲಿ ರೇಷ್ಮೆ ಸೀರೆ ತೆಗೆಸಿ, ಅವ್ವನ ಟ್ರಂಕಿನ ಲಂಗ, ಕನ್ನಡಿ ರವಿಕೆ ತೊಡಿಸಿ, ತಲೆಯ ಮೇಲೆ ಉದ್ದನೆಯ ಮುಸುಕು ಹೊದಿಸಿದರು. ಅಂಗಳಕ್ಕೆ ಬಂದಾಗ ನಲವತ್ತು ಮನೆಯ ಹೆಂಗಸರೂ ಸುತ್ತ ನಿಂತಿದ್ದರು. ಅಪ್ಪನ ಕೊರಳಿಗೆ ಬಿದ್ದೆ, ಸಾಲು ಬಂತು. ಮಂಚದ ಕಾಲು ಎನ್ನುತ್ತಿದ್ದಂತೆ, ಮನೆಯಲ್ಲಿ ಕನ್ನಡದ ಆಜ್ಞೆ ಹೊರಡಿಸಿದ ಅಪ್ಪ ನಮ್ಮ ಮಾತಿನಲ್ಲೇ ಹೋ ಎಂದು ಅತ್ತುಬಿಟ್ಟ. ಅವ್ವನದು ಬಂತು, ತಮ್ಮನದು ಬಂತು. ತಮ್ಮನಿಗೆ ಒಂದೂ ಅರ್ಥವಾಗದಿದ್ದರೂ ಅವನ ಮೂಗೂ ಕೆಂಪಾಯಿತು. ನಾಯಕನದು, ಬಾವಿಯದು, ಎಲ್ಲ ಆಯಿತು. ಪರವಾಗಿಲ್ಲ, ಊರ ಹುಡುಗಿ ಕಲಿತಿದ್ದಾಳೆ ಎಂದು ಮುದುಕಿಯರು ತಲೆಯಾಡಿಸಿದ್ದು ಮುಸುಕಿನ ಒಳಗಿನಿಂದ ಕಾಣುತ್ತಿತ್ತು.

ಕಡೆಗೆ ದಾದಿ. ಅವಳು ಹುಣಸೆಮರದ ಕೆಳಗೆ, ಅದೇ ಗೋಣಿಯ ಮೇಲೆ, ಕಲಿಸಲು ಕೂರುವ ಜಾಗದಲ್ಲೇ ಕೂತಿದ್ದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಅವನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ. ನಾನು ಮಂಡಿಯೂರಿ ಅವಳ ಕೊರಳಿಗೆ ತೋಳು ಹಾಕಿದೆ. ಬಾಯಿ ತೆರೆದೆ.

ಏನೂ ಇರಲಿಲ್ಲ. ನಾಲ್ಕೂ ಸಾಲು ಹೋಗಿದ್ದವು. ಹಿಂದಿನಿಂದ ಅವ್ವ ಮೊದಲ ಪದ ಪಿಸುಗುಟ್ಟಿದಳು. ಅದನ್ನು ಹಿಡಿದುಕೊಂಡೆ, ಅದರ ಮುಂದಿನದು ಬರಲಿಲ್ಲ. ಹೆಂಗಸರು ಕಾಯುತ್ತಿದ್ದರು. ಟೆಂಪೋದವನು ಹಾರ್ನ್ ಒತ್ತಿದ. ನನ್ನ ಕೈಯ ಕೆಳಗೆ ದಾದಿಯ ಬೆನ್ನು ಬಿಗಿಯುತ್ತಿತ್ತು. ಅವಳಿಗೆ ಗೊತ್ತಾಗಿತ್ತು. ನನ್ನನ್ನು ಎಬ್ಬಿಸಿ ಕಳಿಸಲೆಂದು, ಮತ್ತೊಮ್ಮೆ ನನ್ನ ಮಾನ ಉಳಿಸಲೆಂದು, ಅವಳ ಕೈ ನನ್ನ ಭುಜಕ್ಕೆ ಬರುತ್ತಿತ್ತು. ಸೋತೆನಲ್ಲ ಎಂದು ಮುಖವನ್ನು ಅವಳ ಎದೆಗೆ ಒತ್ತಿದೆ. ಹೊಗೆಸೊಪ್ಪಿನ ವಾಸನೆ, ಮೇಕೆಯ ವಾಸನೆ. ಕನ್ನಡಿ ಬಿಲ್ಲೆ ಕೆನ್ನೆಗೆ ಚುಚ್ಚಿತು.

‘ದಾದಿ, ಬಾಟಿ’ ಎಂದೆ.

ಬಾಟಿ ಎಂದರೆ ರೊಟ್ಟಿ. ಎಲ್ಲಿಂದ ಬಂತೋ ಗೊತ್ತಿಲ್ಲ, ರಾಗದಲ್ಲೇ ಬಂತು. ‘ದಾದಿ, ಪಾಣಿ.’ ನೀರು. ಆಮೇಲೆ ನಿಲ್ಲಲಿಲ್ಲ. ಹಸಿವಾಗಿದೆ ಎಂದೆ. ಎತ್ತಿಕೋ ಎಂದೆ. ಕಾಲು ನೋಯುತ್ತಿದೆ, ಎತ್ತಿಕೋ. ಕತ್ತಲಾಗಿದೆ, ಪಕ್ಕದಲ್ಲಿ ಮಲಗು. ನಾಯಿ ಬಂತು, ಓಡಿಸು. ನನ್ನನ್ನು ಬಿಟ್ಟು ಗುಡ್ಡಕ್ಕೆ ಹೋಗಬೇಡ. ಅವ್ವ ಯಾವಾಗ ಬರುತ್ತಾಳೆ? ಆರು ವರ್ಷಕ್ಕೆ ನಿಂತುಹೋದ ನನ್ನ ಭಾಷೆಯಲ್ಲಿ ಇದ್ದದ್ದೇ ಅಷ್ಟು, ಅಷ್ಟನ್ನೂ ಅವಳ ಕೊರಳಿಗೆ ಸುರಿದೆ. ಕೆಲವು ಹುಡುಗಿಯರು ಕಿಸಕ್ಕೆಂದರು. ಇಪ್ಪತ್ತು ವರ್ಷದ ಮದುಮಗಳು ರೊಟ್ಟಿ ಕೊಡು, ಎತ್ತಿಕೋ ಎಂದು ಅತ್ತರೆ ಯಾರು ತಾನೆ ನಗುವುದಿಲ್ಲ? ಯಾರೋ ಮುದುಕಿ ಅವರಿಗೆ ಗದರಿದಳು. ಆಮೇಲೆ ಯಾರೂ ನಗಲಿಲ್ಲ.

ದಾದಿ ಅಲುಗದೆ ಕೂತಿದ್ದಳು. ಅವಳ ಗಂಟಲಿನಿಂದ ಒಂದು ಸದ್ದು ಬಂತು. ಎಂಟು ಭಾನುವಾರ ಅವಳು ಅತ್ತದ್ದನ್ನು ಕೇಳಿದ್ದೆ, ಒಂದರಲ್ಲೂ ಈ ಸದ್ದು ಇರಲಿಲ್ಲ. ಇದಕ್ಕೆ ರಾಗವಿರಲಿಲ್ಲ, ಉಸಿರು ಬಿಡುವ ಜಾಗವಿರಲಿಲ್ಲ. ಅವಳು ಅದನ್ನು ನಿಲ್ಲಿಸಲು ನೋಡಿದಳು, ನಿಲ್ಲಲಿಲ್ಲ.

ಮರುಸಾಲು ಬರುವವರೆಗೆ ನಾನು ಕೈ ಬಿಡುವಂತಿರಲಿಲ್ಲ. ಎಲ್ಲರೂ ಕಾದರು. ತಾಂಡಾದ ಮರುಸಾಲುಗಳೆಲ್ಲ ಬಾಯಲ್ಲಿದ್ದವಳು, ನನ್ನ ಮುಸುಕು ಎತ್ತಿ, ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು. ನನಗೆ ಪೂರ್ತಿ ತಿಳಿಯಲಿ ಎಂದೋ ಏನೋ, ನಮ್ಮ ಮಾತನ್ನು ಬಿಟ್ಟು, ತನಗೆ ಬರುತ್ತಿದ್ದ ಕನ್ನಡದಲ್ಲಿ ಹೇಳಿದಳು:

‘ಮತ್ತ ಬರ್ರಿ.’

ಅಳುವಿನ ನಡುವೆಯೇ ಕಣ್ಣಿನಲ್ಲಿ ಸ್ವಲ್ಪ ನಗುವೂ ಇತ್ತು.

‘ಮರೀಬ್ಯಾಡ್ರಿ.’

ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಸ್ವಂತ ಮೊಮ್ಮಗಳಿಗೆ ಕನ್ನಡ ಯಾಕೆ, ‘ರಿ’ ಯಾಕೆ ಎಂದು ಕಾಕಿ ಇವತ್ತಿಗೂ ಕೇಳುತ್ತಾಳೆ. ಆ ಸಂತೆಯ ದಿನದ್ದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅವಳು ಮರೆತಿರಲಿಲ್ಲ, ಎಂಟು ವರ್ಷ ಒಂದು ದಿನವೂ ಎತ್ತಿ ಆಡಿರಲಿಲ್ಲ.

ಬರುತ್ತೇನೆ ಎನ್ನಲು ನಮ್ಮ ಮಾತಿನಲ್ಲಿ ಏನೆನ್ನಬೇಕು ಎಂದು ನಾನು ಅವ್ವನನ್ನು ಕೇಳಲಿಲ್ಲ. ಅದು ಬಾಯಲ್ಲೇ ಇತ್ತು. ಹೇಳಿ, ಟೆಂಪೋ ಹತ್ತಿದೆ.